ಪೈಪು, ಲೋಲಕ, ಸೋಡಾ ಡಬ್ಬಿ: ಸದ್ದಿನಲ್ಲಿ ಅಪರೂಪದ ಕಣಗಳನ್ನು ಹುಡುಕಲು ಯಾವುದನ್ನು ಆರಿಸಿಕೊಳ್ಳಬೇಕು?

ಕೋಲಾರದಲ್ಲಿ ಭೌತಶಾಸ್ತ್ರ ಪಾಠ ಮಾಡುವವನಿಗೆ ಒಂದು ಅನುಕೂಲವಿದೆ. ನ್ಯೂಟ್ರಿನೋ, ಅಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಹಾದುಹೋಗುವ ಪುಟ್ಟ ಕಣ, ಎಲ್ಲೋ ಜಿನೀವಾದ ಸಮಾಚಾರ ಅಂತ ಇಲ್ಲಿನ ಹುಡುಗರು ಅಂದುಕೊಳ್ಳುವುದಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 7,600 ಅಡಿ ಕೆಳಗೆ, ಮುಂಬಯಿಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜಂಟಿ ತಂಡ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅವು ಸಿಕ್ಕಿದ್ದವು. ಹತ್ತು ವರ್ಷದ ಮೇಲೆ, 1975ರಲ್ಲಿ, ನಮ್ಮ ಗಣಿಯಿಂದಲೇ ‘ಕೋಲಾರ ಘಟನೆಗಳು’ ಎಂದು ಹೆಸರಾದ ಕೆಲವು ವಿಚಿತ್ರ ದಾಖಲೆಗಳು ಹೊರಬಂದವು. ಒಂದೇ ಬಿಂದುವಿನಿಂದ ಕವಲೊಡೆದ ಹಲವು ಹಾದಿಗಳು, ಯಾವುದೋ ಹೊಸ ಕಣದ ಅನುಮಾನ. ಬೇರೆ ಕಡೆ ಅದು ಮತ್ತೆ ಕಾಣಿಸಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿಹೋಯಿತು.

ಹಾಗಾಗಿ ಪ್ರತಿವರ್ಷ ಪ್ರಾಜೆಕ್ಟಿನ ಕಾಲಕ್ಕೆ ಯಾರಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸಾರ್, ಸೋಲಾರ್ ಪ್ಯಾನೆಲ್ ಎಲ್ಲಾ ಬೇಡ ಸಾರ್, ಕಣದ್ದೇ ಏನಾದ್ರೂ ಮಾಡ್ತೀವಿ” ಅನ್ನುತ್ತಾರೆ. ಗಣಿಗೆ ಇಳಿಸುವ ಹಾಗಿಲ್ಲ, ವೇಗವರ್ಧಕ ಕಟ್ಟುವ ಹಾಗಿಲ್ಲ. ನಾನು ತೋರಿಸುವ ದಾರಿ ಸದ್ದಿನದು. ರಂಧ್ರ, ಕೊಳವೆ, ಡಬ್ಬಿಗಳನ್ನು ಲೆಕ್ಕಾಚಾರದಿಂದ ಜೋಡಿಸಿದರೆ ಅದರೊಳಗೆ ಸದ್ದು ಡಿರಾಕ್ ಸಮೀಕರಣದ (ಎಲೆಕ್ಟ್ರಾನಿನಂಥ ಕಣಗಳ ನಡೆಯನ್ನು ಹೇಳುವ ಸಮೀಕರಣ) ಪ್ರಕಾರ ನಡೆಯುವಂತೆ ಮಾಡಬಹುದು. ಹೀಗೆ ಜೋಡಿಸಿದ ರಚನೆಗಳೇ ಧ್ವನಿ ಮೆಟಾಮೆಟೀರಿಯಲ್‌ಗಳು. ಅವುಗಳ ಗುಣ ನಿರ್ಧಾರವಾಗುವುದು ಮುಖ್ಯವಾಗಿ ಜೋಡಣೆಯಿಂದ, ಪ್ಲಾಸ್ಟಿಕ್ಕೋ ತಗಡೋ ಎಂಬುದರಿಂದಲ್ಲ.

ಆದರೆ ಯಾವ ಜೋಡಣೆ? ಅಲ್ಲೇ ಎಲ್ಲರೂ ಎಡವುವುದು. ಯೂಟ್ಯೂಬಿನಲ್ಲಿ ಚೆಂದ ಕಂಡದ್ದನ್ನು ಆರಿಸಿಕೊಂಡು ಬರುತ್ತಾರೆ. ನನ್ನ ಅಳತೆಗೋಲು ಬೇರೆ: ಫಲಿತಾಂಶ ಬರದಿದ್ದಾಗ ತಪ್ಪು ಎಲ್ಲಿದೆ ಎಂದು ನೀವೇ ಬಿಚ್ಚಿ, ಕೊಯ್ದು, ಸರಿಪಡಿಸಿ ನೋಡಲು ಯಾವುದರಲ್ಲಿ ಆಗುತ್ತದೋ ಅದನ್ನು ಆರಿಸಿ. ಯಾಕೆಂದರೆ ಮೊದಲ ಸಲಕ್ಕೆ ಫಲಿತಾಂಶ ಬರುವುದಿಲ್ಲ.

ಮೊದಲೇ ಒಂದು ಮಾತು

ಪೈಪಿನಲ್ಲಿ ನ್ಯೂಟ್ರಿನೋ ಸಿಗುವುದಿಲ್ಲ. ಅಣ್ಣನ ಅಂಗಿ ತಮ್ಮ ತೊಟ್ಟ ಹಾಗೆ ಇದು. ಅಂಗಿ ಒಂದೇ, ಒಳಗಿನ ಮೈ ಬೇರೆ. ಎಲೆಕ್ಟ್ರಾನಿಗೆ ಅರ್ಧ ಸ್ಪಿನ್ ಇದೆ, ವಿದ್ಯುದಂಶ ಇದೆ, ಒಂದು ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಕೂರಲಾರವು. ಗಾಳಿಯ ಸದ್ದಿಗೆ ಇದ್ಯಾವುದೂ ಇಲ್ಲ. ಒಂಟಿ ಕಣವೊಂದರ ಅಲೆಯ ಸಮೀಕರಣ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಮಾತ್ರ ಸದ್ದು ಉತ್ತರ ಕೊಡುತ್ತದೆ. ಕಣ ಹುಟ್ಟುವುದು, ಸಾಯುವುದು, ಒಂದಕ್ಕೊಂದು ಹೆಣೆದುಕೊಳ್ಳುವುದು ಇವೆಲ್ಲ ಅದರ ವ್ಯಾಪ್ತಿಗೆ ಹೊರಗು. ವೈವಾದಲ್ಲಿ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ ಇದು, ಆದ್ದರಿಂದ ವರದಿಯ ಮೊದಲ ಪುಟದಲ್ಲೇ ಬರೆದುಬಿಡಿ.

ಇನ್ನು, ಅಂಗಿ ಒಂದೇ ಆಗಿರುವುದೂ ಸಣ್ಣ ವಿಷಯವಲ್ಲ. ಹರ್ಮನ್ ವೈಲ್ 1929ರಲ್ಲಿ ದ್ರವ್ಯರಾಶಿ ಇಲ್ಲದ ಕಣಕ್ಕೆಂದು ಬರೆದ ಸಮೀಕರಣವನ್ನು ನ್ಯೂಟ್ರಿನೋಗೆ ಬಹುಕಾಲ ಹಚ್ಚಿದರು. ನ್ಯೂಟ್ರಿನೋಗೆ ದ್ರವ್ಯರಾಶಿ ಇದೆ ಎಂದು ಗೊತ್ತಾದ ಮೇಲೆ ಆ ಸಮೀಕರಣ ಅನಾಥವಾಯಿತು. 2015ರಲ್ಲಿ ಅದಕ್ಕೆ ಮನೆ ಸಿಕ್ಕಿದ್ದು ಟ್ಯಾಂಟಲಮ್ ಆರ್ಸೆನೈಡ್ ಎಂಬ ಹರಳಿನೊಳಗೆ. ಒಂಟಿಯಾಗಿ ತಿರುಗುವ ವೈಲ್ ಕಣವನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ.

ಪೈಪಿನ ಸಾಲು

ನನ್ನ ಮತ ಇದಕ್ಕೇ, ಆದ್ದರಿಂದ ಇದರ ಬಗ್ಗೆ ಉದ್ದಕ್ಕೆ ಬರೆಯುತ್ತೇನೆ.

ಇಲ್ಲಿ ಕೇಳುವ ಪ್ರಶ್ನೆ ಭೌತವಿಜ್ಞಾನಿಗಳಾದ ಜಾಕಿವ್ ಮತ್ತು ರೆಬ್ಬಿ 1976ರಲ್ಲಿ ಕೇಳಿದ್ದು: ಡಿರಾಕ್ ಕಣದ ದ್ರವ್ಯರಾಶಿ ಒಂದು ಜಾಗದಲ್ಲಿ ಧನದಿಂದ ಋಣಕ್ಕೆ ತಿರುಗಿದರೆ ಏನಾಗುತ್ತದೆ? ಉತ್ತರ: ಆ ತಿರುವಿನಲ್ಲೇ ಶೂನ್ಯ ಶಕ್ತಿಯ ಒಂದು ಸ್ಥಿತಿ ಅಂಟಿಕೊಂಡು ಕೂರುತ್ತದೆ. 1979ರಲ್ಲಿ ಸು, ಶ್ರೀಫರ್, ಹೀಗರ್ ಇದೇ ಲೆಕ್ಕವನ್ನು ಪಾಲಿಅಸಿಟಿಲೀನ್ ಎಂಬ ಉದ್ದ ಅಣುವಿನಲ್ಲಿ ಕಂಡರು. ಆ ಅಣುವಿನಲ್ಲಿ ಬಂಧಗಳು ಒಂದು ಬಿಗಿ, ಒಂದು ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಬಿಗಿಗೂ ಸಡಿಲಿಗೂ ಇರುವ ವ್ಯತ್ಯಾಸವೇ ದ್ರವ್ಯರಾಶಿಯ ಪಾತ್ರ ವಹಿಸುತ್ತದೆ.

ಇದನ್ನು ಕಟ್ಟುವುದಕ್ಕೆ ಬೇಕಾದದ್ದು ನಮ್ಮ ಜಿಲ್ಲೆಯಲ್ಲಿ ಯಾರ ಮನೆಯ ಹಿತ್ತಲಲ್ಲಾದರೂ ಬಿದ್ದಿರುತ್ತದೆ. ಟೊಮೇಟೊ ತೋಟಕ್ಕೆ ಡ್ರಿಪ್ ಹಾಕಿಸಿ ಉಳಿದ ಪಿವಿಸಿ ತುಂಡುಗಳು. ಒಳವ್ಯಾಸ 25 ಮಿಲಿಮೀಟರಿನಷ್ಟು ಇರುವುದನ್ನು 10 ಸೆಂಟಿಮೀಟರಿನ ಹದಿನಾರು ತುಂಡು ಮಾಡಿ. ತುಂಡು ತುಂಡಿನ ನಡುವೆ 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಬಿಲ್ಲೆ. ನೇಮ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಲೇಸರ್‌ನಿಂದ ಕತ್ತರಿಸಿ ಕೊಡುತ್ತಾರೆ. ಬಿಲ್ಲೆಯ ನಡುವೆ ತೂತು: ಒಂದಕ್ಕೆ 4 ಮಿಲಿಮೀಟರ್, ಮುಂದಿನದಕ್ಕೆ 8, ಮತ್ತೆ 4, ಮತ್ತೆ 8. ಸಣ್ಣ ತೂತು ಸಡಿಲ ಬಂಧ, ದೊಡ್ಡದು ಬಿಗಿ ಬಂಧ. ಪ್ರತಿ ತುಂಡಿನ ಪಕ್ಕದಲ್ಲಿ ಕಾಲರ್ ಮೈಕ್ ತೂರಿಸುವಷ್ಟು ಒಂದು ರಂಧ್ರ, ಬಳಸದಾಗ ಕ್ಲೇ ಮೆತ್ತಿ ಮುಚ್ಚಿ. ಸದ್ದು ಕೊಡಲು ಹಳೆಯ ಇಯರ್‌ಫೋನ್, ಆವೃತ್ತಿ ಬದಲಿಸಲು ಫೋನಿನ ಟೋನ್ ಜನರೇಟರ್. ಅಷ್ಟೇ.

ಎರಡು ಕಡೆ ಮುಚ್ಚಿದ 10 ಸೆಂಟಿಮೀಟರಿನ ಕೋಶ (ಒಂದೊಂದು ಪೈಪಿನ ತುಂಡೂ ಒಂದು ಕೋಶ), ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 347 ಮೀಟರ್ ಇರುವ ದಿನ, 1,735 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಹದಿನಾರನ್ನೂ ಜೋಡಿಸಿದಾಗ ಆ ಒಂದು ಆವೃತ್ತಿ ಎರಡು ಗುಂಪಾಗಿ ಒಡೆಯುತ್ತದೆ. ಮೇಲೆ ಹೇಳಿದ ಅಳತೆಗೆ ನನ್ನ ಅಂದಾಜು ಲೆಕ್ಕದ ಪ್ರಕಾರ ಕೆಳಗಿನ ಗುಂಪು 1,900ರ ಹತ್ತಿರ ಮುಗಿಯುತ್ತದೆ, ಮೇಲಿನದು 2,100 ದಾಟಿ ಶುರುವಾಗುತ್ತದೆ. ನಡುವೆ ಸದ್ದು ಒಳಕ್ಕೆ ಹೋಗದ ಖಾಲಿ ಜಾಗ. ಆ ಖಾಲಿಯ ನಡುಮಧ್ಯೆ, 2,000ದ ಸುತ್ತಮುತ್ತ, ತುದಿಯ ಕೋಶದಲ್ಲಿ ಮಾತ್ರ ಒಂದು ಶಿಖರ ಎದ್ದರೆ ಅದೇ ಜಾಕಿವ್–ರೆಬ್ಬಿಯ ಸ್ಥಿತಿ; ಸಾಲಿನ ತುದಿಯೇ ಇಲ್ಲಿ ಆ ತಿರುವು, ಖಾಲಿಯ ನಡುಭಾಗವೇ ಶೂನ್ಯ.

ನಾವು ಮೊದಲ ವರ್ಷ ಕಟ್ಟಿದಾಗ ಶಿಖರ ಏಳಲಿಲ್ಲ. ಸಾಲಿನ ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿ ಎಂ-ಸೀಲ್ ಮೆತ್ತಿ ಅಚ್ಚುಕಟ್ಟಾಗಿ ಮುಚ್ಚಿದ್ದೆವು. ಸಡಿಲ ಬಂಧ ತುದಿಯಲ್ಲಿರಬೇಕು ಎಂದು ಪುಸ್ತಕ ಹೇಳುತ್ತದೆ, ಹಾಗೇ ಇಟ್ಟಿದ್ದೆವು. ಎರಡು ವಾರ ಮೈಕನ್ನು ಬೈದೆವು, ಇಯರ್‌ಫೋನನ್ನು ಬೈದೆವು, ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಳ್ಳುವ ಹೊತ್ತಿಗೆ ಒಬ್ಬ ಹುಡುಗಿ ಬೋರ್ಡಿನ ಮೇಲೆ ಬರೆದು ತೋರಿಸಿದಳು. ತೂತು ಪಕ್ಕದ ಕೋಶಕ್ಕೆ ಸದ್ದು ದಾಟಿಸುವುದಷ್ಟೇ ಅಲ್ಲ, ತನ್ನ ಕೋಶದ ಆವೃತ್ತಿಯನ್ನೂ ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ನಡುವಿನ ಪ್ರತಿ ಕೋಶಕ್ಕೆ ಒಂದು ಸಣ್ಣ, ಒಂದು ದೊಡ್ಡ ತೂತು ಇರುವುದರಿಂದ ಎಲ್ಲವೂ ಸಮನಾಗಿ ಮೇಲೆ ಹೋಗುತ್ತವೆ. ತುದಿಯ ಕೋಶಕ್ಕೆ ಇರುವುದು ಸಣ್ಣ ತೂತು ಒಂದೇ. ಅದು ಮೇಲೆ ಹೋಗದೆ 1,800ರ ಆಸುಪಾಸಿನಲ್ಲೇ ಉಳಿದು ಕೆಳಗಿನ ಗುಂಪಿನೊಳಗೆ ಮುಳುಗಿಬಿಡುತ್ತದೆ.

ಪರಿಹಾರ ಕ್ಯಾಪ್ ತೆಗೆದು, ಅಲ್ಲಿಗೂ 8 ಮಿಲಿಮೀಟರ್ ತೂತಿನ ಬಿಲ್ಲೆ ಹಾಕಿ ಕೋಣೆಯ ಗಾಳಿಗೆ ತೆರೆದಿಡುವುದು. ಹೊರಗಿನ ಗಾಳಿಯಲ್ಲಿ ಒತ್ತಡದ ಏರಿಳಿತ ಹೆಚ್ಚುಕಡಿಮೆ ಇಲ್ಲ, ಹಾಗಾಗಿ ಕೋಶಕ್ಕೆ ಸಿಗಬೇಕಾದ ತಳ್ಳು ಸಿಗುತ್ತದೆ, ನೆರೆಯವರ ಜೊತೆ ಮಾತು ಮಾತ್ರ ಇರುವುದಿಲ್ಲ. ಒಟ್ಟು ಎಂಟು ಸಣ್ಣ ಬಿಲ್ಲೆ, ತುದಿಯ ಎರಡೂ ಸೇರಿ ಒಂಬತ್ತು ದೊಡ್ಡವು. ಸ್ವಲ್ಪ ಸದ್ದು ಹೊರಗೆ ಸೋರುತ್ತದೆ, ಸೋರಲಿ. ಕ್ಯಾಪ್ ಬಿಚ್ಚಿದ ಮಧ್ಯಾಹ್ನವೇ ಶಿಖರ ಬಂತು.

ಅದು ನಿಜವಾದದ್ದೇ ಎಂದು ಹೇಗೆ ಗೊತ್ತು? ಮೈಕನ್ನು ಕೋಶದಿಂದ ಕೋಶಕ್ಕೆ ಸರಿಸಿ. ಒಂದನೆಯದರಲ್ಲಿ ಜೋರು, ಎರಡನೆಯದರಲ್ಲಿ ಮೌನ, ಮೂರನೆಯದರಲ್ಲಿ ಕ್ಷೀಣ, ನಾಲ್ಕರಲ್ಲಿ ಮತ್ತೆ ಮೌನ. ಒಂದು ಬಿಟ್ಟು ಒಂದರಲ್ಲಿ ಮಾತ್ರ ಸದ್ದಿರುವುದು ಈ ಸ್ಥಿತಿಯ ಬೆರಳಚ್ಚು. ನಮ್ಮ ತೂತಿನ ಅಳತೆಗೆ ಪ್ರತಿ ಹೆಜ್ಜೆಗೂ ಕಂಪನ ಸುಮಾರು 0.4 ಪಟ್ಟಿಗೆ, ಅಂದರೆ 8 ಡೆಸಿಬೆಲ್ ಇಳಿಯಬೇಕು. ಎಲ್ಲ ಕೋಶದಲ್ಲೂ ನಿಧಾನಕ್ಕೆ ಇಳಿದರೆ ನೀವು ನೋಡುತ್ತಿರುವುದು ಬೇರೆ ಏನನ್ನೋ.

ಇದರ ಕೊರತೆ ಎಂದರೆ ಗಾಳಿಯ ಘರ್ಷಣೆ. ಇಷ್ಟು ಸಣ್ಣ ಕೊಳವೆಯಲ್ಲಿ ಅನುರಣನದ ಗುಣಾಂಕ ನೂರರ ಆಸುಪಾಸು, ಅಂದರೆ ಪ್ರತಿ ಶಿಖರವೂ 20 ಹರ್ಟ್ಸ್‌ನಷ್ಟು ಅಗಲ. ಹತ್ತಿರ ಹತ್ತಿರ ಇರುವ ಶಿಖರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಖಾಲಿ ಜಾಗ 200 ಹರ್ಟ್ಸ್‌ಗಿಂತ ಅಗಲವಿರಲಿ ಎಂದು ತೂತುಗಳನ್ನು ಇಷ್ಟು ಬೇರೆ ಬೇರೆ ಅಳತೆಗೆ ಇಟ್ಟದ್ದು ಅದಕ್ಕೇ.

ಲೋಲಕದ ಸಾಲು

ಸಮೀಕರಣ ಅದೇ, ಕಣ್ಣಿಗೆ ಕಾಣುತ್ತದೆ ಎಂಬುದೊಂದೇ ವ್ಯತ್ಯಾಸ. 25 ಸೆಂಟಿಮೀಟರಿನ ಲೋಲಕ ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಬಿಗಿ ಸ್ಪ್ರಿಂಗು, ಸಡಿಲ ಸ್ಪ್ರಿಂಗು ಸರದಿಯಲ್ಲಿ ಹಾಕಿ ತುದಿಯದನ್ನು ಸರಿಯಾದ ಲಯದಲ್ಲಿ ತಳ್ಳಿದರೆ ಮೊದಲನೆಯದು, ಮೂರನೆಯದು ತೂಗುತ್ತವೆ, ಎರಡನೆಯದು ಸುಮ್ಮನೆ ನಿಂತಿರುತ್ತದೆ. ಬಂಗಾರಪೇಟೆಯಿಂದ ಬಂದ ಒಂದು ಹೈಸ್ಕೂಲಿನ ಮಕ್ಕಳಿಗೆ ಇದನ್ನು ತೋರಿಸಿದಾಗ “ನಡುವಿಂದನ್ನ ಹಿಡ್ಕೊಂಡಿದೀರ ಸಾರ್” ಅಂದರು. ಹಿಡಿದಿರಲಿಲ್ಲ.

ಇಲ್ಲೂ ತುದಿಯ ಕಥೆ ಅದೇ. ಕೊನೆಯ ಲೋಲಕವನ್ನು ಹಾಗೇ ಬಿಟ್ಟರೆ ಆಟ ಕೆಡುತ್ತದೆ, ಬಿಗಿ ಸ್ಪ್ರಿಂಗಿನಿಂದ ಗೋಡೆಗೆ ಕಟ್ಟಬೇಕು. ಕಷ್ಟ ಇರುವುದು ಒಂದೇ ಥರದ ಹದಿನೈದು ಸ್ಪ್ರಿಂಗು ಹೊಂದಿಸುವುದರಲ್ಲಿ. ಅಂಗಡಿಯಲ್ಲಿ ಒಂದೇ ಪೊಟ್ಟಣದಲ್ಲಿ ಬಂದವೂ ಒಂದೊಂದು ದಾರಿ ಹಿಡಿಯುತ್ತವೆ, ಒಂದೊಂದಕ್ಕೂ ತೂಕ ನೇತುಹಾಕಿ ಅಳೆದು ಆರಿಸಬೇಕು. ಇದನ್ನು ದೊಡ್ಡದಾಗಿ ಮಾಡಿದವರೂ ಇದ್ದಾರೆ. 2015ರಲ್ಲಿ ಜ್ಯೂರಿಕ್‌ನ ಸುಸ್‌ಟ್ರಂಕ್ ಮತ್ತು ಹ್ಯೂಬರ್ 270 ಲೋಲಕಗಳನ್ನು ಜಾಲವಾಗಿ ಹೆಣೆದು, ಕಂಪನ ಅಂಚಿನ ಗುಂಟ ಮಾತ್ರ ಓಡುವಂತೆ ಮಾಡಿ ತೋರಿಸಿದರು. ನಿಮ್ಮ ಗುರಿ ವಿಜ್ಞಾನ ಮೇಳವಾದರೆ ಲೋಲಕ ಆರಿಸಿ. ಅಂಕಿ ಅಂಶದ ವರದಿ ಬೇಕಾದರೆ ಪೈಪಿಗೆ ಬನ್ನಿ.

ಸೋಡಾ ಡಬ್ಬಿಗಳ ಗ್ರಾಫೀನ್

ಹುಡುಗರಿಗೆ ಅತಿ ಪ್ರಿಯವಾದದ್ದು ಇದು, ನಾನು ಕೊನೆಯ ತನಕ ಬೇಡ ಅನ್ನುವುದೂ ಇದಕ್ಕೇ. ಖಾಲಿ ತಂಪುಪಾನೀಯದ ಡಬ್ಬಿಯ ಬಾಯಿಗೆ ಅಡ್ಡವಾಗಿ ಊದಿದರೆ ಬರುವ ಸದ್ದು 400 ಹರ್ಟ್ಸ್ ಆಸುಪಾಸಿನದು, ತರಂಗದೂರ ಮುಕ್ಕಾಲು ಮೀಟರಿಗೂ ಹೆಚ್ಚು. ಡಬ್ಬಿಯ ಅಗಲ ಏಳು ಸೆಂಟಿಮೀಟರೂ ಇಲ್ಲ. ತನಗಿಂತ ಹತ್ತು ಪಟ್ಟು ದೊಡ್ಡ ಅಲೆಯನ್ನು ಹಿಡಿದಿಡುವ ಈ ಗುಣದಿಂದಲೇ ಪ್ಯಾರಿಸ್‌ನ ಲೆಮೂಲ್, ಫಿಂಕ್, ಲೆರೋಸೆ ತಂಡ ಡಬ್ಬಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. 2017ರಲ್ಲಿ ಅವರು ಡಬ್ಬಿಗಳನ್ನು ಜೇನುಗೂಡಿನ ಆಕಾರದಲ್ಲಿ ಜೋಡಿಸಿ ಗ್ರಾಫೀನಿನಂಥದೇ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಡಿರಾಕ್ ಶಂಕುವನ್ನು, ಅಂದರೆ ಆವೃತ್ತಿಯ ನಕ್ಷೆಯಲ್ಲಿ ಎರಡು ಗುಂಪು ಒಂದು ಬಿಂದುವಿನಲ್ಲಿ ಕೂಡುವ ಶಂಕುವಿನಾಕಾರವನ್ನು, ಸದ್ದಿನಲ್ಲಿ ಕಂಡರು. ಅಂದರೆ ದ್ರವ್ಯರಾಶಿ ಇಲ್ಲದ ಡಿರಾಕ್ ಕಣ, ಎರಡು ಆಯಾಮದಲ್ಲಿ.

ಇದರಲ್ಲಿ ನನಗೆ ಇಷ್ಟವಾಗುವ ಒಂದು ಉಪಾಯವಿದೆ. ಜೇನುಗೂಡಿನಲ್ಲಿ ಡಬ್ಬಿಗಳು ಎರಡು ಬಳಗ. ಒಂದು ಬಳಗದವಕ್ಕೆಲ್ಲ ಒಂದೊಂದು ಲೋಟ ನೀರು ಸುರಿಯಿರಿ. ಒಳಗಿನ ಗಾಳಿಯ ಜಾಗ ಕಡಿಮೆಯಾಗಿ ಅವುಗಳ ಶ್ರುತಿ ಏರುತ್ತದೆ, ಎರಡು ಬಳಗದ ಸಮಾನತೆ ಮುರಿಯುತ್ತದೆ, ಶಂಕುವಿನ ತುದಿ ಬಿರಿದು ಖಾಲಿ ಜಾಗ ತೆರೆದುಕೊಳ್ಳುತ್ತದೆ. ಕಣಕ್ಕೆ ದ್ರವ್ಯರಾಶಿ ಬಂತು. ನೀರು ಸುರಿದು ದ್ರವ್ಯರಾಶಿ ಕೊಡುವುದು ಎಂದರೆ ಕೇಳುವುದಕ್ಕೇ ಖುಷಿ.

ಆದರೆ ಅಳೆಯುವುದು? ಕೈಬೆರಳೆಣಿಕೆಯ ಡಬ್ಬಿಗೆ ಶಂಕು ಕಾಣಿಸುವುದಿಲ್ಲ, ನೂರರ ಹತ್ತಿರ ಬೇಕು. ಮೈಕನ್ನು ಪ್ರತಿ ಡಬ್ಬಿಯ ಬಾಯಿಯ ಮೇಲೂ ಸರಿಸಿ, ಪ್ರತಿ ಆವೃತ್ತಿಯಲ್ಲೂ ಕಂಪನದ ಹಂತ ಸಹಿತ ದಾಖಲಿಸಿ, ಎರಡು ಆಯಾಮದ ಫೂರಿಯೆ ರೂಪಾಂತರ (ದಾಖಲೆಯನ್ನು ಬಿಡಿ ಬಿಡಿ ಅಲೆಗಳಾಗಿ ಒಡೆಯುವ ಲೆಕ್ಕ) ಮಾಡಬೇಕು. 400 ಹರ್ಟ್ಸ್‌ನ ಸದ್ದು ಕೋಣೆಯ ಗೋಡೆಗೆ ಬಡಿದು ವಾಪಸು ಬರುತ್ತದೆ, ಪಕ್ಕದ ತರಗತಿಯ ಪಾಠವೂ ಸೇರಿಕೊಳ್ಳುತ್ತದೆ. ಫಲಿತಾಂಶ ಮಸುಕಾಗಿ ಬಂದರೆ ತಪ್ಪು ಡಬ್ಬಿಯದೋ ಗೋಡೆಯದೋ ಪ್ರೋಗ್ರಾಮಿನದೋ ಹೇಳಲಾಗುವುದಿಲ್ಲ. ನನ್ನ ಅಳತೆಗೋಲಿಗೆ ಇದು ನಿಲ್ಲದಿರುವುದು ಇಲ್ಲಿ. ಪೈಥಾನ್ ಚೆನ್ನಾಗಿ ಬರುವ ಮೂರು ಜನ, ಒಂದು ಇಡೀ ಸೆಮಿಸ್ಟರ್, ರಾತ್ರಿ ಲ್ಯಾಬ್ ತೆರೆಯಲು ಪ್ರಿನ್ಸಿಪಾಲರ ಒಪ್ಪಿಗೆ ಇದ್ದರೆ ಧಾರಾಳವಾಗಿ ಮಾಡಿ.

ಈ ಎರಡು ಆಯಾಮದ ಜಗತ್ತಿನಲ್ಲೇ ಆಸ್ಕರ್ ಕ್ಲೈನ್ 1929ರಲ್ಲಿ ಲೆಕ್ಕ ಹಾಕಿದ ಒಗಟೂ ಇದೆ: ಡಿರಾಕ್ ಕಣ ಎತ್ತರದ ತಡೆಗೋಡೆಯನ್ನು ನೇರವಾಗಿ ಎದುರಿಸಿದರೆ ಏನೂ ಆಗದವನ ಹಾಗೆ ದಾಟಿಹೋಗುತ್ತದೆ. 2020ರಲ್ಲಿ ಇದನ್ನು ಸದ್ದಿನ ಹರಳುಗಳಲ್ಲಿ, ಅಂದರೆ ಹರಳಿನ ಹಾಗೆ ಒಂದೇ ಮಾದರಿ ಮರುಕಳಿಸುವ ರಚನೆಗಳಲ್ಲಿ, ನೇರವಾಗಿ ಅಳೆದು ತೋರಿಸಿದರು. ನಮ್ಮ ಲ್ಯಾಬಿಗೆ ಅದು ದೂರದ ಮಾತು.

ತಂತಿ ಮತ್ತು ಕೆಪಾಸಿಟರ್

ಸದ್ದೇ ಬೇಕೆಂಬ ಹಟವಿಲ್ಲದಿದ್ದರೆ ಇಂಡಕ್ಟರ್, ಕೆಪಾಸಿಟರ್‌ಗಳಲ್ಲೂ ಇದೇ ಸಾಲು ಕಟ್ಟಬಹುದು. ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಸಲ ಹೋಗಿಬಂದರೆ ಸಾಮಾನು ಸಿಕ್ಕಿತು. ಇದರ ದೊಡ್ಡ ಗುಣ, ಯಾವ ಬಿಂದುವನ್ನು ಯಾವ ಬಿಂದುವಿಗಾದರೂ ತಂತಿಯಿಂದ ಜೋಡಿಸಬಹುದು. ಮೂರು ಆಯಾಮವೇನು, ನಾಲ್ಕು ಆಯಾಮದ ಜಾಲವನ್ನೂ ಒಂದು ಬೋರ್ಡಿನ ಮೇಲೆ ಹರಡಬಹುದು. ಕೊಳವೆಗೆ ಆ ಸ್ವಾತಂತ್ರ್ಯ ಇಲ್ಲ.

ಆದರೆ ಸಾಮಾನ್ಯ ಇಂಡಕ್ಟರಿನ ಮೌಲ್ಯ ಅದರ ಮೇಲೆ ಬರೆದದ್ದಕ್ಕಿಂತ ಶೇ. 10ರಷ್ಟು ಹೆಚ್ಚುಕಡಿಮೆ ಇರುತ್ತದೆ, ಆವೃತ್ತಿಯಲ್ಲಿ ಅದು ಶೇ. 5ರ ಏರುಪೇರು. ಪೈಪನ್ನು ಆಕ್ಸಾ ಬ್ಲೇಡಿನಲ್ಲಿ ಕೊಯ್ದು ಉಜ್ಜುವಾಗ ಒಂದು ಮಿಲಿಮೀಟರ್ ತಪ್ಪಿದರೆ ಆಗುವುದು ಶೇ. 1 ಮಾತ್ರ. ನೂರು ಇಂಡಕ್ಟರ್ ತಂದು ಎಲ್‌ಸಿಆರ್ ಮೀಟರಿನಲ್ಲಿ ಅಳೆದು ಇಪ್ಪತ್ತು ಆರಿಸುವ ತಾಳ್ಮೆ ಇದ್ದವರಿಗೆ ಇದು. ತುದಿಯ ಬಿಂದುವನ್ನು ಸರಿಯಾದ ಬಿಡಿಭಾಗದ ಮೂಲಕ ಗ್ರೌಂಡಿಗೆ ಕಟ್ಟಬೇಕೆಂದು ನಾನು ಮತ್ತೆ ಹೇಳಬೇಕಿಲ್ಲ.

ಕಾಲೇಜಿಗೆ ನಿಲುಕದವು

ವೈಲ್ ಕಣ ಮೂರು ಆಯಾಮದಲ್ಲಿ ಮಾತ್ರ ಬದುಕುತ್ತದೆ. ಸದ್ದಿನಲ್ಲಿ ಅದನ್ನು ಪಡೆಯುವ ಬಗೆಯನ್ನು 2015ರಲ್ಲಿ ಹಾಂಗ್‌ಕಾಂಗ್‌ನ ತಂಡ ಸೂಚಿಸಿತು, 2018ರಲ್ಲಿ ತಿರುಚಿದ ರಚನೆಯ ಸದ್ದಿನ ಹರಳಿನಲ್ಲಿ ಅದರ ಮೇಲ್ಮೈ ಗುರುತುಗಳನ್ನು ಅಳೆದರು. ಜಾಲದಲ್ಲಿ ವೈಲ್ ಬಿಂದುಗಳು ಯಾವಾಗಲೂ ಎಡಗೈ ಬಲಗೈ ಜೋಡಿಯಾಗಿಯೇ ಬರುತ್ತವೆ, ಒಂಟಿಯಾಗಿ ಅಲ್ಲ ಎಂಬ ಸೊಗಸಾದ ನಿಯಮವಿದೆ. ಆದರೆ ಪದರದ ಮೇಲೆ ಪದರ 3ಡಿ ಪ್ರಿಂಟ್ ಆಗಬೇಕು, ಒಳಗೆಲ್ಲ ಮೈಕ್ ತೂರಬೇಕು. ಒಂದು ಕೋಶ ಕೆಟ್ಟರೆ ಬಿಚ್ಚುವ ಹಾಗಿಲ್ಲ. ಬೇಡ.

ಸದ್ದು ಒಂದೇ ದಿಕ್ಕಿನಲ್ಲಿ ಓಡುವಂತೆ ಮಾಡಲು ಗಾಳಿಯನ್ನೇ ಸುತ್ತಿಸುವ ಉಪಾಯವೂ ಇದೆ. 2014ರಲ್ಲಿ ಫ್ಲೂರಿ, ಆಲು ಮುಂತಾದವರು ಉಂಗುರದಂಥ ಕೊಳವೆಯೊಳಗೆ ಕಂಪ್ಯೂಟರಿನ ಪುಟ್ಟ ಫ್ಯಾನುಗಳನ್ನಿಟ್ಟು ಇದನ್ನು ಸಾಧಿಸಿದರು. ಒಂದು ಉಂಗುರ ನಮ್ಮಿಂದಲೂ ಆಗುತ್ತದೆ, ಜಾಲವಾಗಿ ಹೆಣೆಯುವುದು ಫ್ಯಾನುಗಳ ಗಲಾಟೆಯಲ್ಲಿ ಆಗದ ಕೆಲಸ.

ಕಪ್ಪುರಂಧ್ರ ಬೇಕೆನ್ನುವವರು ಅಡುಗೆಮನೆಯ ಸಿಂಕಿನ ನಲ್ಲಿ ತಿರುಗಿಸಿ. ನೀರು ಬಿದ್ದಲ್ಲಿ ತೆಳ್ಳಗೆ ಹರಡಿ ಒಂದು ವೃತ್ತದಲ್ಲಿ ತಟ್ಟನೆ ದಪ್ಪವಾಗುತ್ತದೆ. ಹೊರಗಿನ ಪುಟ್ಟ ಅಲೆಗಳು ಆ ವೃತ್ತದ ಒಳಕ್ಕೆ ಹೋಗಲಾರವು. ಕಪ್ಪುರಂಧ್ರದ ತಿರುವುಮುರುವು ಅದು. ಹರಿವ ದ್ರವದಲ್ಲಿ ಸದ್ದಿಗೂ ಹೀಗೊಂದು ಅಂಚಿರುತ್ತದೆ ಎಂದು 1981ರಲ್ಲಿ ತೋರಿಸಿದವರು ವಿಲಿಯಂ ಅನ್ರು.

ಕಂಪ್ಯೂಟರಿನಲ್ಲೇ ಮುಗಿಸಿಬಿಡಬಹುದಲ್ಲ ಎಂದು ಕೇಳುವವರಿಗೆ: ಮುಗಿಸಬಹುದು, ಹದಿನಾರು ಸಾಲಿನ ಮ್ಯಾಟ್ರಿಕ್ಸ್, ಅರ್ಧ ಗಂಟೆ. ಪೈಪು ಕೊಯ್ಯುವ ಮೊದಲು ಅದನ್ನು ಮಾಡಲೇಬೇಕು. ಆದರೆ ಪಠ್ಯಪುಸ್ತಕದ ಮ್ಯಾಟ್ರಿಕ್ಸಿನಲ್ಲಿ ತುದಿಯ ಕೋಶಕ್ಕೂ ನಡುವಿನದಕ್ಕೂ ಒಂದೇ ಸಂಖ್ಯೆ ಬರೆದಿರುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಶಿಖರ ಮೊದಲ ದಿನವೇ ಬಂದಿತ್ತು, ಕ್ಯಾಪ್ ಹಾಕಿದ ಪೈಪಿನಲ್ಲಿ ಎರಡು ವಾರ ಬರಲಿಲ್ಲ.

ಪೈಪಿನ ಸಾಲನ್ನೇ ಆರಿಸಿಕೊಂಡವರಿಗೆ ಒಂದು ಸೂಚನೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ 0.6 ಮೀಟರ್ ಏರುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಲ್ಯಾಬು ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಕಾಯುತ್ತದೆ. ನಿಮ್ಮ ಶಿಖರ ಆಗ 30 ಹರ್ಟ್ಸ್‌ಗೂ ಹೆಚ್ಚು, ಅಂದರೆ ತನ್ನ ಅಗಲಕ್ಕಿಂತ ಜಾಸ್ತಿ ಜರುಗಿರುತ್ತದೆ. ಹದಿನಾರು ಕೋಶವನ್ನೂ ಒಂದೇ ಸಲ ಕೂತು, ಬೆಳಗ್ಗೆ ಒಂಬತ್ತರೊಳಗೆ ಅಳೆದು ಮುಗಿಸಿ. ಟೀಗೆ ಆಮೇಲೆ ಹೋದರಾಯಿತು.